ತಿದ್ದಿದ ಮುಖ

ಬ್ಯಾಂಕಿನ ಕೌಂಟರಿನ ಹಿಂದೆ ಇಪ್ಪತ್ತು ವರ್ಷ ಕೂತವನಿಗೆ ಬೇರೇನು ಬಾರದಿದ್ದರೂ ಸಹಿ ನೋಡುವುದು ಬರುತ್ತದೆ. ಚೆಕ್ಕಿನ ಮೇಲಿರುವ ಸಹಿಯನ್ನೂ ನಮ್ಮ ಬಳಿ ಇರುವ ಮಾದರಿ ಸಹಿಯನ್ನೂ ತಾಳೆ ನೋಡುವುದು ನನ್ನ ಹೊಟ್ಟೆಪಾಡು. ಹಿಂದೆ ಮಾದರಿ ಸಹಿಗಳು ಕಾರ್ಡುಗಳಲ್ಲಿದ್ದು ಕಬ್ಬಿಣದ ಡ್ರಾಯರಿನಲ್ಲಿ ನಿದ್ದೆ ಮಾಡುತ್ತಿದ್ದವು. ಈಗ ಕಂಪ್ಯೂಟರಿನ ಪರದೆಯ ಮೇಲೆ ಮೂಡುತ್ತವೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಿರಿಯ ಗುಮಾಸ್ತರೊಬ್ಬರು ಹೇಳಿಕೊಟ್ಟಿದ್ದರು: “ಸ್ವಲ್ಪ ಹೆಚ್ಚುಕಡಿಮೆ ಇರುವ ಸಹಿಗೆ ಹೆದರಬೇಡಪ್ಪ. ಅಚ್ಚು ಒತ್ತಿದ ಹಾಗೆ ಒಂದೇ ಸಮ ಇದ್ದರೆ ಆಗ ಹೆದರು.”

ಅದು ನಿಜ. ಯಾವ ಮನುಷ್ಯನೂ ತನ್ನ ಹೆಸರನ್ನು ಎರಡು ಸಲ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಬರೆಯಲಾರ. ಸ್ವಂತ ಸಹಿ ಹಾಕುವವನ ಕೈ ಓಡುತ್ತದೆ. ಕಳ್ಳಸಹಿ ಹಾಕುವವನ ಕೈ ನೋಡಿಕೊಂಡು ನಡೆಯುತ್ತದೆ. ನಡುವೆ ನಿಂತು ಉಸಿರೆಳೆದದ್ದು ಶಾಯಿಯಲ್ಲಿ ಕಾಣುತ್ತದೆ.

ಇಂಥ ಕೆಲಸದವನಾದ ನಾನು ನಲವತ್ತು ದಾಟಿದ ಮೇಲೆ, ಬಿಡುವಿನ ವೇಳೆಯಲ್ಲಿ, ಇನ್ನೊಬ್ಬರು ಬರೆದ ಭಾವಚಿತ್ರವನ್ನು ಗೆರೆಗೆ ಗೆರೆ ನಕಲು ಮಾಡಲು ಕೂತೆನೆಂದರೆ ನಗು ಬರಬಹುದು. ಹಗಲು ನಕಲನ್ನು ಹಿಡಿಯುವುದು, ರಾತ್ರಿ ನಕಲು ಮಾಡುವುದು. ಈ ಎರಡರಲ್ಲಿ ಯಾವುದು ಸರಿ, ಎರಡೂ ಸರಿಯಾದರೆ ಹೇಗೆ ಸರಿ ಎಂಬ ಪ್ರಶ್ನೆ ನನ್ನನ್ನು ಎರಡು ವರ್ಷ ಕಾಡಿತು. ಅದನ್ನೇ ಇಲ್ಲಿ ಓದುಗರ ಮುಂದೆ ಇಡುತ್ತಿದ್ದೇನೆ.

*

ನಮ್ಮ ಮನೆ ಕೊಯಮತ್ತೂರಿನಲ್ಲಿ, ಕೆಲಸ ತಿರುಪ್ಪೂರಿನಲ್ಲಿ. ದಿನವೂ ರೈಲಿನಲ್ಲಿ ಹೋಗಿ ಬರುತ್ತೇನೆ. ತಿರುಪ್ಪೂರು ಬನಿಯನ್ನಿನ ಊರು; ಎಲ್ಲಿ ನೋಡಿದರೂ ನೂಲು, ಬಣ್ಣ, ಲೇಬಲ್ಲು. ಸ್ಟೇಷನ್ನಿನ ಹತ್ತಿರದ ಓಣಿಯೊಂದರಲ್ಲಿ ವಯಸ್ಸಾದ ಚಿತ್ರಗಾರರೊಬ್ಬರು ಇದ್ದಾರೆ. ಒಂದು ಕಾಲದಲ್ಲಿ ಸಿನಿಮಾ ಬ್ಯಾನರ್ ಬರೆಯುತ್ತಿದ್ದವರು. ಎಂ.ಜಿ.ಆರ್., ಶಿವಾಜಿಯವರ ಮುಖಗಳನ್ನು ಇಪ್ಪತ್ತು ಅಡಿ ಎತ್ತರಕ್ಕೆ ಏರಿಸಿದ ಕೈ. ಫ್ಲೆಕ್ಸ್ ಬಂದ ಮೇಲೆ ಆ ಕೆಲಸ ಹೋಯಿತು. ಈಗ ತೀರಿಕೊಂಡವರ ಫೋಟೋ ನೋಡಿ ಚಿತ್ರ ಬರೆದುಕೊಡುತ್ತಾರೆ. ಸಂಜೆ ರೈಲು ತಡವಾದಾಗಲೆಲ್ಲ ಅವರ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಒಂದು ದಿನ ಅವರೇ ತಮಿಳಿನಲ್ಲಿ ಕೇಳಿದರು: “ಎಷ್ಟು ದಿನ ಹೀಗೆ ನಿಂತು ನೋಡುತ್ತೀರಿ ತಂಬಿ? ಒಳಗೆ ಬಂದು ಕೂತುಕೊಳ್ಳಿ.”

ಮಾಸ್ಟರ್ ಪಾಠ ಸುಲಭದ್ದಲ್ಲ. ಮೊದಲ ಮಾತೇ, “ಎದುರಿಗೆ ಮನುಷ್ಯರನ್ನು ಕೂರಿಸಿಕೊಂಡು ಬರೆಯುವುದು ಆಮೇಲೆ. ಮೊದಲು ದೊಡ್ಡವರೊಬ್ಬರ ಮುಖವನ್ನು ಪೂರ್ತಿ ನಕಲು ಮಾಡಿ. ನಿಮಗೆ ಇಷ್ಟವಾದದ್ದು ಯಾವುದು?” ನಾನು ಹಿಂದೆಮುಂದೆ ನೋಡದೆ ರವಿವರ್ಮ ಎಂದೆ.

ನಮ್ಮ ಮನೆಯ ದೇವರ ಗೂಡಿನಲ್ಲಿ ಅಜ್ಜನ ಕಾಲದ ಲಕ್ಷ್ಮಿಯ ಪಟವೊಂದಿದೆ. ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟ ತೆರೆದು ತನ್ನ ದೇವದೇವಿಯರ ಚಿತ್ರಗಳನ್ನು ಅಚ್ಚು ಹಾಕಿಸಿದ. ಅವು ಮಗ್ಗದ ಮನೆಗಳವರೆಗೂ ಬಂದವು. ಅಂದರೆ ನಾನು ಕೈ ಮುಗಿದು ಬೆಳೆದದ್ದೇ ಒಂದು ನಕಲಿಗೆ. ಕೇರಳದ ಕಿಳಿಮಾನೂರಿನಲ್ಲಿ 1848ರಲ್ಲಿ ಹುಟ್ಟಿದವನ ಕೈಬಣ್ಣ ಕನ್ನಡ ಮಾತಾಡುವ ಕೊಯಮತ್ತೂರಿನ ದೇವಾಂಗರ ಮನೆಯ ದೇವರಾಯಿತು. ಒಂದು ಬದಿ ಕನ್ನಡ, ಇನ್ನೊಂದು ಬದಿ ಮಲಯಾಳ ಇರುವ ಈ ವಾರ್ಷಿಕದ ಓದುಗರಿಗೆ ಇಂಥ ಕೊಡುಕೊಳೆ ಹೊಸದೇನಲ್ಲ.

ಆರಿಸಿಕೊಂಡದ್ದು ದೇವಿಯ ಚಿತ್ರವಲ್ಲ, ‘ಅಗೋ ಅಪ್ಪ ಬಂದರು’ ಎಂಬ ಅರ್ಥದ ಇಂಗ್ಲಿಷ್ ಹೆಸರಿನ ಚಿತ್ರ. ರವಿವರ್ಮ ತನ್ನ ಮಗಳು ಮಹಾಪ್ರಭೆಯನ್ನು ಮಗುವಿನೊಂದಿಗೆ ನಿಲ್ಲಿಸಿ ಬರೆದ ತೈಲಚಿತ್ರ. 1893ರಲ್ಲಿ ಅಮೆರಿಕದ ಶಿಕಾಗೋ ವಸ್ತುಪ್ರದರ್ಶನಕ್ಕೆ ಹೋದ ಅವನ ಹತ್ತು ಚಿತ್ರಗಳಲ್ಲಿ ಇದೂ ಒಂದು. ತಾಯಿಯ ನೋಟ ಚೌಕಟ್ಟಿನ ಹೊರಗೆ ಹೋಗಿದೆ. ಬರುತ್ತಿರುವ ಅಪ್ಪ ಚಿತ್ರದಲ್ಲಿ ಇಲ್ಲ. ಅವನು ಬರುತ್ತಿದ್ದಾನೆಂದು ನಮಗೆ ತಿಳಿಯುವುದು ಅವಳ ಮುಖದಿಂದ. “ಇಡೀ ಚಿತ್ರ ಬೇಡ,” ಎಂದರು ಮಾಸ್ಟರ್. “ಮುಖ ಮಾತ್ರ. ಅದೇ ಆರು ತಿಂಗಳಿಗೆ ಸಾಕು.”

*

ಪುಸ್ತಕದಲ್ಲಿದ್ದ ಅಚ್ಚುಚಿತ್ರದ ಮೇಲೆ ಪೆನ್ಸಿಲಿನಿಂದ ಚೌಕ ಎಳೆದೆವು. ಕ್ಯಾನ್ವಾಸಿನ ಮೇಲೆ ಅಷ್ಟೇ ಚೌಕಗಳು, ಅಳತೆ ಮಾತ್ರ ದೊಡ್ಡದು. ಇಪ್ಪತ್ತು ಅಡಿಯ ಬ್ಯಾನರನ್ನೂ ಹೀಗೆಯೇ ಬರೆಯುತ್ತಿದ್ದರಂತೆ. ನನಗಂತೂ ಅಪ್ಪನ ನೆನಪಾಯಿತು. ಜಕಾರ್ಡ್ ಮಗ್ಗಕ್ಕೆ ಅಂಚಿನ ಹೂ ಹಾಕುವ ಮೊದಲು ಅದನ್ನು ಚೌಕದ ಕಾಗದದಲ್ಲಿ ಒಂದೊಂದೇ ಮನೆ ತುಂಬಿ ಬರೆಯುತ್ತಾರೆ; ಒಂದು ಮನೆ ತಪ್ಪಿದರೆ ಸೀರೆ ಪೂರ್ತಿ ಆ ತಪ್ಪು ಓಡುತ್ತದೆ.

ಚೌಕ ಆದ ಮೇಲೆ ಸುಟ್ಟ ಅಂಬರ್ ಎಂಬ ಕಂದು ಬಣ್ಣವನ್ನು ಟರ್ಪೆಂಟೈನಿನಲ್ಲಿ ತೆಳ್ಳಗೆ ಕಲಸಿ ನೆರಳುಗಳನ್ನಷ್ಟೇ ಹಾಕಬೇಕು. ಅದು ಒಣಗಿದ ಮೇಲೆ ಮೈಬಣ್ಣ. ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ, ಮೇಲಿನದರಲ್ಲಿ ಹೆಚ್ಚು. ತಿರುಗಾಮುರುಗಾ ಆದರೆ ಮುಂದೊಂದು ದಿನ ಬಣ್ಣ ಬಿರಿಯುತ್ತದೆ. ಮೈಬಣ್ಣವೆಂದರೆ ಒಂದು ಬಣ್ಣವೆಂದು ನಾನು ತಿಳಿದಿದ್ದೆ. ಹಳದಿ ಮಣ್ಣು, ಕೆಂಪು, ಬಿಳಿ ಸೇರಿ ಆಗುವ ಆ ಬಣ್ಣದಲ್ಲಿ, ಗಲ್ಲದ ಕೆಳಗೆ ನೆರಳು ಬೀಳುವಲ್ಲಿ ಹಸಿರಿನ ಛಾಯೆ ಇರುತ್ತದೆಂದು ಮಾಸ್ಟರ್ ತೋರಿಸಿದಾಗ ನಂಬಲಿಲ್ಲ. ಮರುದಿನ ಕೌಂಟರಿನಲ್ಲಿ ಹಣ ಎಣಿಸುತ್ತ ನಿಂತವರ ಗಲ್ಲಗಳನ್ನೆಲ್ಲ ನೋಡಿದೆ. ಹಸಿರು ಇತ್ತು.

ತಪ್ಪು ಹುಡುಕಲು ಎರಡು ಉಪಾಯ. ಮೂಲವನ್ನೂ ನಕಲನ್ನೂ ತಲೆಕೆಳಗಾಗಿ ನಿಲ್ಲಿಸುವುದು ಒಂದು. ಆಗ ಕಣ್ಣು ಕಣ್ಣಾಗಿ ಕಾಣದೆ ಬರೀ ಆಕಾರವಾಗಿ ಕಾಣುತ್ತದೆ, ‘ಕಣ್ಣೆಂದರೆ ಹೀಗೆ’ ಎಂಬ ನಮ್ಮ ಜಂಬ ಇಳಿಯುತ್ತದೆ. ಕನ್ನಡಿಯಲ್ಲಿ ನೋಡುವುದು ಇನ್ನೊಂದು. ಈ ರೀತಿ ಸುಮಾರು ಎಂಟು ತಿಂಗಳು ಮಹಾಪ್ರಭೆಯ ಮುಖದ ಮುಂದೆ ಕೂತೆ. ನನ್ನ ಮನೆಯವರ ಮುಖವನ್ನು ಅಷ್ಟು ಹೊತ್ತು ನೋಡಿದವನಲ್ಲ.

ರವಿವರ್ಮನೂ ಹೀಗೆ ನೋಡಿಯೇ ಕಲಿತವನು. ಹದಿನಾಲ್ಕನೆಯ ವಯಸ್ಸಿನಲ್ಲಿ ತಿರುವನಂತಪುರದ ಅರಮನೆಗೆ ಬಂದಾಗ ಅಲ್ಲಿ ತೈಲವರ್ಣ ಬಲ್ಲ ರಾಮಸ್ವಾಮಿ ನಾಯ್ಕರ್ ಎಂಬ ಚಿತ್ರಗಾರರಿದ್ದರು. ಅವರು ಹುಡುಗನಿಗೆ ಹೇಳಿಕೊಡಲಿಲ್ಲ. 1868ರಲ್ಲಿ ಬಂದ ಥಿಯೋಡರ್ ಜೆನ್ಸನ್ ಎಂಬ ಯುರೋಪಿನ ಚಿತ್ರಗಾರನೂ ಕಲಿಸಲಿಲ್ಲ; ತಾನು ಬರೆಯುವುದನ್ನು ನೋಡಲು ಮಾತ್ರ ಬಿಟ್ಟ. ಐದು ವರ್ಷ ಕಳೆದು 1873ರಲ್ಲಿ ಮದರಾಸಿನ ಪ್ರದರ್ಶನದಲ್ಲಿ ಚಿನ್ನದ ಪದಕ ಬಂದದ್ದು ಆ ನೋಡಿದ ಕಣ್ಣಿಗೇ. ಏಕಲವ್ಯನ ಕತೆ ನಮಗೆಲ್ಲ ಗೊತ್ತು. ಗುರುವಿನ ಪ್ರತಿಮೆಯಿಂದ ಕಲಿತ ವಿದ್ಯೆ ಕಳವು ಎಂದು ಆ ಹುಡುಗನಿಗೆ ಅನಿಸಲಿಲ್ಲ. ಗುರು ಯಾರೆಂದು ಕೇಳಿದಾಗ ಹೆಸರನ್ನೂ ಮುಚ್ಚಿಡಲಿಲ್ಲ. ಅನ್ಯಾಯ ಆದದ್ದು ಅವನಿಗೆ, ಅವನಿಂದಲ್ಲ.

ಕನ್ನಡದಲ್ಲಿ ಇದಕ್ಕೆ ಒಳ್ಳೆಯ ಮಾತೊಂದಿದೆ: ತಿದ್ದುವುದು. ನಾನು ಓದಿದ್ದು ತಮಿಳು ಶಾಲೆಯಲ್ಲಿ. ಕನ್ನಡದ ಅಕ್ಷರ ಬಂದದ್ದು ಮನೆಯಲ್ಲಿ, ಮಗ್ಗದ ಪಕ್ಕ, ಅಪ್ಪನಿಂದ. ಅಪ್ಪ ಸ್ಲೇಟಿನ ಮೇಲೆ ದೊಡ್ಡದಾಗಿ ‘ಅ’ ಬರೆಯುತ್ತಿದ್ದರು. ಅದರ ಮೇಲೆಯೇ ಬಳಪ ಆಡಿಸಿ, ಅಕ್ಷರ ದಪ್ಪವಾಗುವವರೆಗೆ ನಾನು ತಿದ್ದಬೇಕು. ಹಾಗೆ ತಿದ್ದಿದ ಅಕ್ಷರ ಯಾರದು? ಅಪ್ಪನದೂ ಹೌದು, ನನ್ನದೂ ಹೌದು. ಅದನ್ನು ಯಾರೂ ನಕಲೆಂದು ಕರೆಯಲಿಲ್ಲ.

*

ಮುಖ ಮುಕ್ಕಾಲು ಮುಗಿದಾಗ ಮಾಸ್ಟರ್, “ನೀವು ನೋಡಿದ್ದೆಲ್ಲ ಅಚ್ಚು. ನಿಜವಾದ ಬಣ್ಣವನ್ನು ಒಮ್ಮೆ ನೋಡಿ ಬನ್ನಿ” ಎಂದರು. ಮೈಸೂರು ನಮಗೆ ದೂರವೇನಲ್ಲ. ಸತ್ಯಮಂಗಲ ದಾಟಿ, ದಿಂಬಂ ಘಾಟಿಯ ಇಪ್ಪತ್ತೇಳು ತಿರುವು ಹತ್ತಿ, ಚಾಮರಾಜನಗರದ ಮೇಲೆ ಹೋದರೆ ಮಧ್ಯಾಹ್ನದೊಳಗೆ ಜಗನ್ಮೋಹನ ಅರಮನೆ. ರವಿವರ್ಮ 1885ರಲ್ಲಿ ಚಾಮರಾಜೇಂದ್ರ ಒಡೆಯರ ಕರೆಯ ಮೇಲೆ ಮೈಸೂರಿಗೆ ಬಂದು ಅರಮನೆಯವರ ಭಾವಚಿತ್ರ ಬರೆದವನು. ಅವನ ಮೂಲ ಚಿತ್ರಗಳು ಜಗನ್ಮೋಹನದಲ್ಲಿ ಇವೆ. ಅವುಗಳ ಮುಂದೆ ನಿಂತಾಗ ತಿಳಿಯಿತು, ಅಚ್ಚಿನಲ್ಲಿ ನಯವಾಗಿ ಕಂಡದ್ದು ನಿಜದಲ್ಲಿ ಕುಂಚದ ಓಟ. ನಮ್ಮ ಹಿರಿಯ ಗುಮಾಸ್ತರು ಹೇಳಿದ ಓಡುವ ಕೈ ಅಲ್ಲಿತ್ತು. ನನ್ನ ಕ್ಯಾನ್ವಾಸಿನಲ್ಲಿ ಇದ್ದದ್ದು ನೋಡಿಕೊಂಡು ನಡೆದ ಕೈ.

ಅಲ್ಲಿಯೇ ದೀಪ ಹಿಡಿದ ಹೆಣ್ಣಿನ ಚಿತ್ರದ ಮುಂದೆ ಜನ ಗುಂಪುಗೂಡಿದ್ದರು. ಬೆರಳುಗಳ ಸಂದಿನಿಂದ ಬೆಳಕು ಸೋರುವ ಆ ಚಿತ್ರ ಎಲ್ಲರಿಗೂ ಗೊತ್ತು. “ರವಿವರ್ಮಂದು, ರವಿವರ್ಮಂದು” ಎಂದು ತಂದೆಯೊಬ್ಬರು ಮಕ್ಕಳಿಗೆ ಹೇಳುತ್ತಿದ್ದರು. ಅದು ರವಿವರ್ಮನದಲ್ಲ. ಎಸ್. ಎಲ್. ಹಳದನಕರ್ ಎಂಬವರು 1940ರ ದಶಕದಲ್ಲಿ ಬರೆದದ್ದು. ತೈಲವರ್ಣವೂ ಅಲ್ಲ, ಜಲವರ್ಣ. ದೀಪ ಹಿಡಿದು ನಿಂತವರು ಅವರ ಮಗಳು ಗೀತಾ. 2018ರಲ್ಲಿ, ನೂರು ದಾಟಿದ ಮೇಲೆ, ಕೊಲ್ಲಾಪುರದಲ್ಲಿ ತೀರಿಕೊಂಡರು. ಯಾರೂ ಮೋಸ ಮಾಡಿಲ್ಲ, ಯಾರೂ ನಕಲು ಮಾಡಿಲ್ಲ. ಆದರೂ ಒಬ್ಬ ತಂದೆ ತನ್ನ ಮಗಳನ್ನು ನಿಲ್ಲಿಸಿ ಮಾಡಿದ ಕೆಲಸ ಜನರ ಬಾಯಲ್ಲಿ ಇನ್ನೊಬ್ಬನದಾಗಿದೆ. ಹೆಸರು ತಪ್ಪಿದರೆ ಏನು ಹೋಗುತ್ತದೆ, ಚಿತ್ರ ಚಿತ್ರವೇ ತಾನೆ ಎಂದು ಅದುವರೆಗೆ ನಾನೂ ಹೇಳುತ್ತಿದ್ದೆ. ಆ ದಿನ ಹಾಗೆ ಅನಿಸಲಿಲ್ಲ. ಅದು ಮುಂದೆ ನನ್ನ ಮನೆಗೇ ಬಂದೀತೆಂದು ಮಾತ್ರ ಗೊತ್ತಿರಲಿಲ್ಲ.

*

ಮುಗಿದ ಚಿತ್ರವನ್ನು ನಡುಮನೆಯ ಗೋಡೆಗೆ ಒರಗಿಸಿಟ್ಟಿದ್ದೆ. ಪರಿಚಯದ ಬನಿಯನ್ ವ್ಯಾಪಾರಿಯೊಬ್ಬರು ಮನೆಗೆ ಬಂದವರು ಅದರ ಮುಂದೆ ನಿಂತರು. ಹೊಸ ಮನೆಯ ಹಾಲ್‌ಗೆ ಬೇಕು, ಹದಿನೈದು ಸಾವಿರ ಕೊಡುತ್ತೇನೆ ಎಂದರು. ಆ ವಾರವೇ ಮಗಳ ಕಾಲೇಜಿನ ಫೀಸು ಕಟ್ಟಬೇಕಿತ್ತು. ಅವರು ಎದ್ದು ಹೊರಡುವಾಗ ಹೇಳಿದ್ದು ಇಷ್ಟೆ: “ಸಾರ್, ಮೂಲೆಯಲ್ಲಿ ಆ ರಾಜರ ಸಹಿ ಮಾತ್ರ ಇಲ್ಲ. ಅದನ್ನೂ ಹಾಕಿಬಿಡಿ. ಯಾರನ್ನೂ ಏಮಾರಿಸಲಿಕ್ಕಲ್ಲ, ನೋಡಲಿಕ್ಕೆ ಚೆನ್ನಾಗಿರುತ್ತದೆ.”

ಅವರ ಮಾತಿನಲ್ಲಿ ಕಪಟವಿರಲಿಲ್ಲ. ಮೂಲ ಚಿತ್ರ ತಿರುವನಂತಪುರದ ಅರಮನೆಯಲ್ಲಿದೆ. ತಿರುಪ್ಪೂರಿನ ಹಾಲ್‌ನಲ್ಲಿ ತೂಗುವ ಒಂದು ಮುಖವನ್ನು ಯಾರೂ ಮೂಲವೆಂದು ಕೊಳ್ಳಲಾರರು. ನಷ್ಟ ಯಾರಿಗೆ? ಕಣ್ಣು, ಮೂಗು, ತುಟಿ ಎಲ್ಲವನ್ನೂ ನಕಲು ಮಾಡಿದವನಿಗೆ ಮೂಲೆಯ ನಾಲ್ಕು ಅಕ್ಷರ ಭಾರವೇ? ಹೀಗೆ ವಾದಿಸಿಕೊಂಡು ಆ ರಾತ್ರಿ ಕೂತು ಹಾಕಿದೆ. ಎರಡು ಕಾಗದದಲ್ಲಿ ಅಭ್ಯಾಸ ಮಾಡಿ, ತೆಳ್ಳನೆಯ ಕುಂಚದಿಂದ, ಇಂಗ್ಲಿಷಿನಲ್ಲಿ ‘ರವಿವರ್ಮ’ ಎಂದು ಬರೆದೆ. ಚೆನ್ನಾಗಿಯೇ ಬಂತು. ಇಪ್ಪತ್ತು ವರ್ಷ ಸಹಿ ನೋಡಿದವನ ಕೈ ಅಲ್ಲವೇ?

ನಿದ್ದೆ ಬರಲಿಲ್ಲ. ನಡುರಾತ್ರಿ ಎದ್ದು ದೀಪ ಹಾಕಿ ನೋಡಿದೆ. ಎಂಟು ತಿಂಗಳಲ್ಲಿ ಒಂದು ದಿನವೂ ನಾಚಿಕೆಯಾಗದ ಚಿತ್ರದಲ್ಲಿ ಆ ಒಂದು ಮೂಲೆಯನ್ನು ನೋಡಲು ನಾಚಿಕೆಯಾಯಿತು. ಏಕೆ ಎಂದು ಯೋಚಿಸುತ್ತ ಕೂತಾಗ ಹೊಳೆದದ್ದು ಇದು. ಮುಖವನ್ನು ನಕಲು ಮಾಡುವಾಗ ನಾನು ಹೇಳುವುದು, ‘ಅವಳು ಹೀಗಿದ್ದಳು, ಅವನು ಹೀಗೆ ಕಂಡ’ ಎಂದು. ಅದನ್ನು ಯಾರು ಬೇಕಾದರೂ ಹೇಳಬಹುದು. ಸಹಿ ಹೇಳುವುದು ‘ಇದನ್ನು ನಾನು ಮಾಡಿದೆ’ ಎಂದು. ‘ನಾನು’ ಎಂಬ ಮಾತನ್ನು ಇನ್ನೊಬ್ಬನ ಪರವಾಗಿ ಹೇಳಲು ಬರುವುದಿಲ್ಲ. ಸತ್ತವನ ಬಾಯಿಯಿಂದ ನಾನು ಒಂದು ಸುಳ್ಳು ಆಡಿಸಿದ್ದೆ. ಅಷ್ಟೇ ಅಲ್ಲ, ನನ್ನ ಎಂಟು ತಿಂಗಳನ್ನೂ ನಾನೇ ಅಳಿಸಿಕೊಂಡಿದ್ದೆ.

ಎಣ್ಣೆಬಣ್ಣದ ಒಂದು ಉಪಕಾರವೆಂದರೆ ಅದು ಕೂಡಲೇ ಒಣಗುವುದಿಲ್ಲ. ಅಂಬರ್ ಉಳಿದ ಬಣ್ಣಗಳಿಗಿಂತ ಬೇಗ ಒಣಗುವುದರಿಂದ ಬೆಳಗಾಗುವವರೆಗೆ ಕಾಯಲಿಲ್ಲ. ಟರ್ಪೆಂಟೈನ್ ಅದ್ದಿದ ಬಟ್ಟೆಯಿಂದ ಒರೆಸಿದೆ. ಸಹಿಯ ಜೊತೆ ಕೆಳಗಿನ ಬಣ್ಣವೂ ಸ್ವಲ್ಪ ಎದ್ದು ಬಂತು. ಆ ಮೂಲೆ ಈಗಲೂ ಮಂಕಾಗಿದೆ.

ಸಹಿಯಿಲ್ಲದ ಚಿತ್ರ ವ್ಯಾಪಾರಿಗೆ ಬೇಡವಾಯಿತು. ಫೀಸಿಗೆ ಹೆಂಡತಿಯ ಬಳೆಯನ್ನು ನಮ್ಮದೇ ಶಾಖೆಯಲ್ಲಿ ಅಡವಿಟ್ಟೆ. “ನಿಮ್ಮ ಸತ್ಯಕ್ಕೆ ನನ್ನ ಬಳೆ” ಎಂದಳು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ನೀತಿಯ ಮಾತಾಡುವವರು ಅದರ ಬೆಲೆಯನ್ನು ಎಷ್ಟೋ ಸಲ ಮನೆಯ ಇನ್ನೊಬ್ಬರಿಂದ ಕೊಡಿಸುತ್ತಾರೆ. ಇದನ್ನು ಬರೆಯದೆ ಬಿಟ್ಟರೆ ಈ ಲೇಖನವೂ ಕಳ್ಳಸಹಿಯಾದೀತು.

*

ಆಮೇಲೆ ಓದಿ ತಿಳಿದೆ, ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿ ಈ ಪ್ರಶ್ನೆಗೆ ಬಹಳ ಹಿಂದೆಯೇ ಉತ್ತರ ಕಂಡುಕೊಂಡಿದ್ದಾರೆ. 1793ರಲ್ಲಿ ಅದು ತೆರೆದಂದಿನಿಂದ ಚಿತ್ರಗಾರರು ಅಲ್ಲಿ ಕೂತು ಹಳಬರ ಚಿತ್ರಗಳನ್ನು ನಕಲು ಮಾಡುತ್ತ ಬಂದಿದ್ದಾರೆ. ನಿಯಮಗಳಿವೆ: ನಕಲಿನ ಅಳತೆ ಮೂಲಕ್ಕಿಂತ ಐದನೇ ಒಂದು ಪಾಲು ದೊಡ್ಡದೋ ಚಿಕ್ಕದೋ ಇರಬೇಕು, ಮೂಲ ಚಿತ್ರಗಾರನ ಸಹಿ ಹಾಕಕೂಡದು, ಕ್ಯಾನ್ವಾಸಿನ ಹಿಂದೆ ಸಂಗ್ರಹಾಲಯದ ಮುದ್ರೆ ಬೀಳಬೇಕು. ಬ್ಯಾಂಕಿನವನಿಗೆ ಇದು ಅರ್ಥವಾಗುವ ಭಾಷೆ. ದಿನಕ್ಕೆ ಹತ್ತಾರು ಜೆರಾಕ್ಸುಗಳ ಮೇಲೆ ‘ಮೂಲದೊಂದಿಗೆ ತಾಳೆ ನೋಡಿದೆ’ ಎಂಬ ಮೊಹರು ಒತ್ತುವವನು ನಾನು. ನಿಜವಾದ ನಕಲು ಎಂಬುದೊಂದು ಇದೆ. ನಾನು ನಕಲು ಎಂದು ಒಪ್ಪಿಕೊಂಡ ನಕಲು ಅದು.

ಅಂಥ ನಕಲು ಮೂಲವನ್ನು ಕಾಯುವುದೂ ಉಂಟು. ಇಟಲಿಯ ಟೀಷನ್ ಬರೆದ ಚಕ್ರವರ್ತಿ ಐದನೇ ಚಾರ್ಲ್ಸ್ ಮತ್ತು ರಾಣಿ ಇಸಬೆಲ್ಲಾರ ಜೋಡಿ ಭಾವಚಿತ್ರ ಇಂದು ಇಲ್ಲ. ಅದು ಹೇಗಿತ್ತೆಂದು ನಮಗೆ ಗೊತ್ತಿರುವುದು ರೂಬೆನ್ಸ್ ಮಾಡಿಟ್ಟ ನಕಲಿನಿಂದ. ರೂಬೆನ್ಸ್ ಆಗಲೇ ಹೆಸರಾದ ಚಿತ್ರಗಾರ. ಆದರೂ ಟೀಷನ್ನನ ಮುಂದೆ ಕೂತು ತಿದ್ದಿದ.

ನಮ್ಮ ಅಪ್ಪನಿಗೆ ಇವರ ಹೆಸರು ಗೊತ್ತಿರಲಿಲ್ಲ, ನ್ಯಾಯ ಗೊತ್ತಿತ್ತು. ಪಕ್ಕದ ಮಗ್ಗದವರು ನಮ್ಮ ಅಂಚಿನ ಹೂ ನೋಡಿ ಹಾಕಿದರೆ ಅವರು ಬೇಸರಿಸುತ್ತಿರಲಿಲ್ಲ. “ಹೂ ಯಾರಪ್ಪನದು? ನಾನೂ ಯಾರದೋ ನೋಡಿ ಹಾಕಿದ್ದು” ಎನ್ನುತ್ತಿದ್ದರು. ಪವರ್‌ಲೂಮಿನ ಸೀರೆಯನ್ನು ಕೈಮಗ್ಗದ್ದೆಂದು ಮಾರಿದಾಗ ಮಾತ್ರ ಅವರಿಗೆ ಸಿಟ್ಟು ಬರುತ್ತಿತ್ತು. ಹೂ ಕದ್ದದ್ದಕ್ಕಲ್ಲ, ಕೈ ಕದ್ದದ್ದಕ್ಕೆ.

*

ಇಷ್ಟಕ್ಕೆ ನನ್ನ ಪ್ರಶ್ನೆ ಮುಗಿಯಿತೆಂದುಕೊಂಡಿದ್ದೆ. ಹೆಸರಿನ ವಿಷಯದಲ್ಲಿ ಸುಳ್ಳು ಹೇಳದಿದ್ದರೆ ನಕಲು ತಪ್ಪಲ್ಲ. ಆದರೆ ಮಾಸ್ಟರ್, “ಇನ್ನು ಎದುರಿಗೆ ಕೂರಿಸಿಕೊಂಡು ಬರೆಯಿರಿ” ಎಂದಾಗ ಇನ್ನೊಂದು ಬಾಗಿಲು ತೆರೆಯಿತು.

ಮಗಳನ್ನು ಕೂರಿಸಿದೆ. ಮೂರು ಭಾನುವಾರ ಬರೆದು ತೋರಿಸಿದೆ. ಅವಳು ನೋಡಿದವಳೇ, “ಅಪ್ಪಾ, ಇದು ನಾನಲ್ಲ. ಆಯಮ್ಮ!” ಎಂದು ಗೋಡೆಯ ಕಡೆ ಬೆರಳು ತೋರಿಸಿದಳು. ಹೌದು. ಮೂಗು ಮಹಾಪ್ರಭೆಯದು, ರೆಪ್ಪೆ ಮಹಾಪ್ರಭೆಯದು. ನನ್ನ ಮಗಳ ಮೂಗು ನಮ್ಮ ಅವ್ವನದು, ತುದಿಯಲ್ಲಿ ಸ್ವಲ್ಪ ಅಗಲ. ಕೈ ಕಲಿತದ್ದನ್ನೇ ಬರೆದಿತ್ತು; ಕಣ್ಣು ಎದುರಿಗೆ ಇದ್ದವಳನ್ನು ನೋಡಿರಲಿಲ್ಲ. ಸಹಿಯಿಲ್ಲದೆಯೂ ಸುಳ್ಳು ಹೇಳಬಹುದು ಎಂದಾಯಿತು. ಮೊದಲನೆಯದು ದೂರದ, ಸತ್ತ ಗುರುವಿಗೆ ಮಾಡಿದ ಅನ್ಯಾಯ. ಇದು ಎದುರಿಗೆ ಕೂತ ಹುಡುಗಿಗೆ ಮಾಡಿದ್ದು.

ಆಗ ನೆನಪಾಯಿತು. ಎರಡು ವರ್ಷದ ಹಿಂದೆ ಬೆಂಗಳೂರಿನ ನೆಂಟರ ಮದುವೆಯಲ್ಲಿ ಅವಳು “ಓಗ್ಬತ್ತೀನಿ” ಎಂದಾಗ ಅಲ್ಲಿನ ಹುಡುಗಿಯರು ನಕ್ಕಿದ್ದರು. ನಾನೂ ನಾಚಿ, “ಹಾಗನ್ನಬಾರದು, ಹೋಗಿ ಬರುತ್ತೇನೆ ಅನ್ನಬೇಕು” ಎಂದು ಎಲ್ಲರ ಮುಂದೆ ತಿದ್ದಿದೆ. ಅಂದಿನಿಂದ ಅವಳು ನೆಂಟರೊಡನೆ ಕನ್ನಡ ಆಡುವುದನ್ನೇ ಬಿಟ್ಟಳು; ಇಂಗ್ಲಿಷೋ ತಮಿಳೋ ಸಾಕು. ಗಡಿನಾಡಿನ ಮನೆಗಳಲ್ಲಿ ಇದು ಹೊಸದಲ್ಲ. ಶಾಲೆಯ ಭಾಷೆ ಬೇರೆ, ಪುಸ್ತಕದ ಕನ್ನಡ ಬೇರೆ, ಮನೆಯ ಕನ್ನಡ ಬೇರೆ. ಪುಸ್ತಕದ ಕನ್ನಡ ಬೇಡವೆಂದು ನಾನು ಹೇಳಲಾರೆ. ಅದನ್ನು ತಿದ್ದದೆ ಇದ್ದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ, ಕಾಸರಗೋಡಿನವರು ಇದನ್ನು ಓದುತ್ತಿರಲಿಲ್ಲ. ಆದರೆ ಅವ್ವನ ಮೂಗಿನ ಮೇಲೆ ಅರಮನೆಯ ಮೂಗು ಕೂರಿಸಿದ ಹಾಗೆ, ಅವ್ವನ ಮಾತಿನ ಮೇಲೆ ಮೈಸೂರಿನ ಮಾತು ಬಳಿದು ‘ಇದೇ ನಿನ್ನ ಮುಖ’ ಎಂದು ಮಗುವಿಗೆ ಹೇಳಿದರೆ ಅದು ತಿದ್ದುವುದಲ್ಲ, ಅಳಿಸುವುದು.

ಸ್ಲೇಟಿನ ಪಾಠದ ಕೊನೆಯ ಭಾಗವನ್ನು ನಾನು ಮರೆತಿದ್ದೆ. ಅಕ್ಷರ ಸಾಕಷ್ಟು ದಪ್ಪವಾದ ಮೇಲೆ ಅಪ್ಪ ಒದ್ದೆ ಬಟ್ಟೆಯಿಂದ ಸ್ಲೇಟನ್ನು ಪೂರ್ತಿ ಒರೆಸಿ ನನ್ನ ಕೈಗೆ ಕೊಡುತ್ತಿದ್ದರು. “ಈಗ ನೀನೇ ಬರಿ ಮಗಾ.” ನಾನು ಬರೆದ ‘ಅ’ ಸೊಟ್ಟಗಿರುತ್ತಿತ್ತು. ಅದನ್ನು ಅವರು ಒರೆಸುತ್ತಿರಲಿಲ್ಲ.

ಮಗಳನ್ನು ಮತ್ತೆ ಕೂರಿಸಿದೆ. ಈ ಸಲ ಮಹಾಪ್ರಭೆಯ ಚಿತ್ರವನ್ನು ಗೋಡೆಯ ಕಡೆಗೆ ತಿರುಗಿಸಿಟ್ಟೆ. ಅದರ ಬೆನ್ನಿನ ಮೇಲೆ ‘ರವಿವರ್ಮನದನ್ನು ನೋಡಿ ತಿದ್ದಿದ್ದು’ ಎಂದು ಕನ್ನಡದಲ್ಲಿ ಬರೆದಿದ್ದೇನೆ. ಮಗಳು ಸುಮ್ಮನೆ ಕೂರುವವಳಲ್ಲ, ಮಾತಾಡುತ್ತಲೇ ಇದ್ದಳು, ಮನೆಯ ಕನ್ನಡದಲ್ಲಿ. ನಾನು ತಿದ್ದಲಿಲ್ಲ. ಗಲ್ಲದ ಕೆಳಗಿನ ಹಸಿರನ್ನು ಹುಡುಕಲು ರವಿವರ್ಮ ಹೇಳಿಕೊಟ್ಟದ್ದು ಉಪಯೋಗಕ್ಕೆ ಬಂತು. ಮೂಗನ್ನು ಮಾತ್ರ ಅವಳಿಂದಲೇ ಕಲಿಯಬೇಕಾಯಿತು. ಚಿತ್ರ ಅಷ್ಟೇನೂ ಚೆನ್ನಾಗಿ ಬಂದಿಲ್ಲ, ಒಂದು ಕಿವಿ ದೊಡ್ಡದಾಗಿದೆ. ಹೆಂಡತಿ ನೋಡಿ, “ಇದು ನಮ್ಮ ಹುಡುಗಿ” ಎಂದಳು. ಬಳೆಯನ್ನು ಕಳೆದ ಯುಗಾದಿಗೆ ಬಿಡಿಸಿಕೊಂಡೆವು.

ಕೆಳಗಿನ ಮೂಲೆಯಲ್ಲಿ ನನ್ನ ಹೆಸರನ್ನು ಕನ್ನಡದಲ್ಲಿ ಬರೆದಿದ್ದೇನೆ. ಬ್ಯಾಂಕಿನಲ್ಲಿ ನನ್ನ ಸಹಿ ಇಂಗ್ಲಿಷಿನಲ್ಲಿದೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ತಾಳೆಯಾಗುವುದಿಲ್ಲ.